ವೀಲ್‌ಸೆಟ್ ಕೊಳ್ಳುವಾಗ ಡಿಸ್ಕೌಂಟ್ ನೋಡಬೇಕೋ, ವಾರಂಟಿ ನೋಡಬೇಕೋ?

ಪ್ರಶ್ನೆ: ನನ್ನ ರೋಡ್ ಬೈಕ್‌ಗೆ ಹೊಸ ಕಾರ್ಬನ್ ವೀಲ್‌ಸೆಟ್ ಹಾಕಿಸಬೇಕು ಅಂತಿದ್ದೇನೆ. ಒಂದೇ ಮಾಡೆಲ್ ಮೂರು ಕಡೆ ಸಿಗುತ್ತಿದೆ. ಅಧಿಕೃತ ಡೀಲರ್ ಹತ್ತಿರ ಪೂರ್ತಿ ಬೆಲೆ, ಕಂಪನಿ ವಾರಂಟಿ ಇದೆ. ಹೊರದೇಶದ ಒಬ್ಬ ಆನ್‌ಲೈನ್ ಮಾರಾಟಗಾರನ ಹತ್ತಿರ ಬೆಲೆ ಮೂರನೇ ಒಂದು ಭಾಗ ಕಡಿಮೆ, ಆದರೆ ಕಂಪನಿಯ ಬಾಕ್ಸ್ ಇರುವುದಿಲ್ಲವಂತೆ. ಮೂರನೆಯದು ಸೆಕೆಂಡ್ ಹ್ಯಾಂಡ್, ಅರ್ಧ ಬೆಲೆ. 'ಲೈಫ್‌ಟೈಮ್ ವಾರಂಟಿ ಇದೆ, ಯೋಚನೆ ಬೇಡ' ಎಂದು ಮಾರುವವರು ಹೇಳುತ್ತಿದ್ದಾರೆ. ಯಾವುದನ್ನು ತಗೊಳ್ಳಲಿ? ಹಾಗೆಯೇ, ಸೇಲ್ ಇರುವಾಗ ಚೈನ್, ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು), ಬ್ರೇಕ್ ಪ್ಯಾಡ್ ಎಲ್ಲ ಒಟ್ಟಿಗೆ ತಂದು ಇಟ್ಟುಕೊಳ್ಳುವುದು ಸರಿಯೇ?

ಉತ್ತರ: ಮೂರನೆಯದರ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಆ ಲೈಫ್‌ಟೈಮ್ ವಾರಂಟಿ ಇರುವುದು ಮಾರುವವರಿಗೆ, ನಿಮಗಲ್ಲ. ಸೈಕಲ್ ಬಿಡಿಭಾಗಗಳ ವಾರಂಟಿ ಬಹುಪಾಲು ಮೊದಲ ಮಾಲೀಕರಿಗೆ ಮಾತ್ರ. ಬಿಲ್ ಯಾರ ಹೆಸರಿನಲ್ಲಿದೆಯೋ ಅವರೇ ಕ್ಲೇಮ್ ಮಾಡಬೇಕು. ಸೈಕಲ್ ಕೈ ಬದಲಾದ ದಿನವೇ ಅದು ಮುಗಿಯುತ್ತದೆ. ಕೆಲವರು ಹಳೇ ಬಿಲ್ ಕೊಟ್ಟು 'ನನ್ನ ಹೆಸರಲ್ಲೇ ಕ್ಲೇಮ್ ಮಾಡಿಕೊಡ್ತೀನಿ' ಅನ್ನುತ್ತಾರೆ. ಅಪರಿಚಿತರ ಆ ಮಾತನ್ನು ನಂಬಿ ದುಡ್ಡು ಹಾಕಬೇಡಿ. ಅದನ್ನು ವಾರಂಟಿ ಇಲ್ಲದ ಹಳೇ ಕಾರ್ಬನ್ ವೀಲ್ ಅಂತಲೇ ನೋಡಿ. ಹಾಗೆ ನೋಡಿದರೆ ಅರ್ಧ ಬೆಲೆಯೂ ನನಗೆ ಜಾಸ್ತಿಯೇ. ಅಲ್ಯೂಮಿನಿಯಂ ರಿಮ್ ಪೆಟ್ಟು ತಿಂದಿದ್ದರೆ ತಗ್ಗು ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಕಾರ್ಬನ್ ಹಾಗಲ್ಲ. ಒಳಗಿನ ಪದರಗಳು ಬಿಟ್ಟುಕೊಂಡಿದ್ದರೂ ಮೇಲೆ ಬಣ್ಣ ಚೆನ್ನಾಗಿಯೇ ಇರಬಹುದು. ಯಾರು ಹೇಗೆ ಓಡಿಸಿದರು ಅಂತ ಗೊತ್ತಿಲ್ಲದ ಕಾರ್ಬನ್ ರಿಮ್ ಅನ್ನು ಇಳಿಜಾರಿನಲ್ಲಿ ನಂಬುವುದು ನನಗೆ ಇಷ್ಟವಿಲ್ಲ.

ಉಳಿದದ್ದು ಎರಡು. ಇಲ್ಲಿ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ವಾರಂಟಿ ಅಂದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅನ್ನುವುದು ಮೊದಲು ಗೊತ್ತಿರಬೇಕು. ಆಮೇಲೆ ಆ ಮೂರನೇ ಒಂದು ಭಾಗ ನಿಜವಾದ ಉಳಿತಾಯವೋ ಅಲ್ಲವೋ ನೀವೇ ಲೆಕ್ಕ ಹಾಕಬಹುದು.

ವಾರಂಟಿ ಹೊಣೆ ಹೊರುವುದು ತಯಾರಿಕೆಯ ತಪ್ಪಿಗೆ. ಲೋಹದಲ್ಲಿ, ಕಾರ್ಬನ್ ಹಾಸುವಿಕೆಯಲ್ಲಿ, ಜೋಡಣೆಯಲ್ಲಿ ಕಂಪನಿ ಮಾಡಿದ ತಪ್ಪಿದ್ದರೆ ಅದನ್ನು ಕಂಪನಿ ಸರಿಮಾಡುತ್ತದೆ. ಸವೆತಕ್ಕೆ, ಗುಂಡಿಗೆ ಬಿದ್ದ ಪೆಟ್ಟಿಗೆ, ತಪ್ಪು ಫಿಟ್ಟಿಂಗಿಗೆ ಅದು ಬರುವುದಿಲ್ಲ. ಸೈಕಲ್ ಬಿಡಿಭಾಗ ಮಾಡುವ ಶಿಮಾನೊ ಕಂಪನಿ ಸಾಮಾನ್ಯವಾಗಿ 2 ವರ್ಷ ಕೊಡುತ್ತದೆ, ತನ್ನ ಮೇಲ್ದರ್ಜೆಯ ಡ್ಯೂರಾ-ಏಸ್ ಮತ್ತು ಎಕ್ಸ್‌ಟಿಆರ್ ಭಾಗಗಳಿಗೆ 3 ವರ್ಷ. ಅಂಥದ್ದೇ ಇನ್ನೊಂದು ಕಂಪನಿ ಸ್ರ್ಯಾಮ್ ಸಾಮಾನ್ಯವಾಗಿ 2 ವರ್ಷ. ಈ ವರ್ಷಗಳ ಸಂಖ್ಯೆ ನೋಡಿ ಜನ ಸಮಾಧಾನಪಡುತ್ತಾರೆ. ಆದರೆ ವೀಲ್ ವಿಷಯದಲ್ಲಿ ಹಾಳಾಗುವುದೆಲ್ಲ ಹೆಚ್ಚಾಗಿ ಓಡಿಸುವಾಗಲೇ ಅಲ್ವಾ? ರಿಮ್ ಗುಂಡಿಗೆ ಬಡಿಯುತ್ತದೆ, ಬೇರಿಂಗಿಗೆ ನೀರು ಹೋಗುತ್ತದೆ, ಸ್ಪೋಕ್ ಸಡಿಲವಾಗುತ್ತದೆ. ಇವಕ್ಕೆಲ್ಲ ಸಾಮಾನ್ಯ ವಾರಂಟಿಯಲ್ಲಿ ಜಾಗವಿಲ್ಲ.

ಹಾಗಾಗಿ ವೀಲ್ ತಗೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ವರ್ಷ ವಾರಂಟಿ' ಅಲ್ಲ. 'ಗುಂಡಿಗೆ ಬಿದ್ದು ರಿಮ್ ಒಡೆದರೆ ನೀವು ಏನು ಮಾಡುತ್ತೀರಿ' ಅನ್ನುವುದು. ಇದಕ್ಕೆ ಉತ್ತರ ಮೂರು ಥರ ಬರುತ್ತದೆ. ಕೆಲವರು ಏನೂ ಇಲ್ಲ ಅನ್ನುತ್ತಾರೆ. ಕೆಲವರು ಕ್ರ್ಯಾಶ್ ರಿಪ್ಲೇಸ್‌ಮೆಂಟ್ ಇದೆ ಅನ್ನುತ್ತಾರೆ. ಇದು ವಾರಂಟಿ ಅಲ್ಲ, ಹೊಸ ರಿಮ್ ಅಥವಾ ವೀಲ್ ಮೇಲೆ ಒಂದು ರಿಯಾಯಿತಿ ಅಷ್ಟೇ. ಇನ್ನು ಜಿಪ್, ಎನ್ವಿಯಂಥ ಕೆಲವು ಕಂಪನಿಗಳು ತಮ್ಮ ಕಾರ್ಬನ್ ವೀಲ್‌ಗಳಿಗೆ, ಮೊದಲ ಮಾಲೀಕರಿಗೆ, ಓಡಿಸುವಾಗ ಆದ ಪೆಟ್ಟಿಗೂ ಹೊಣೆ ಹೊರುತ್ತವೆ. ಕಾರ್ಬನ್ ತಗೊಳ್ಳುವುದಾದರೆ ಈ ಮೂರನೇ ಥರದ್ದಕ್ಕೆ ನಾನು ಬೆಲೆ ಕೊಡುತ್ತೇನೆ. ಅಧಿಕೃತ ಅಂಗಡಿಯ ಪೂರ್ತಿ ಬೆಲೆಗೆ ಅರ್ಥ ಬರುವುದು ಇಲ್ಲಿಯೇ. ನಿಮ್ಮ ಮಾಡೆಲ್‌ಗೆ ಅದು ಇದೆಯಾ, ನೀವು ಇರುವ ದೇಶದಲ್ಲಿ ನಡೆಯುತ್ತದೆಯಾ ಅಂತ ಡೀಲರ್ ಹತ್ತಿರ ಬರಹದಲ್ಲಿ ಕೇಳಿ. ಕೊಂಡ ದಿನದ ವಾರಂಟಿ ಪುಟವನ್ನು ಸೇವ್ ಮಾಡಿಟ್ಟುಕೊಳ್ಳಿ. ನಿಯಮಗಳು ಬದಲಾಗುತ್ತಿರುತ್ತವೆ. ಕೊಂಡಾಗ ಇದ್ದ ನಿಯಮವನ್ನು ತೋರಿಸಲು ಕೈಯಲ್ಲೊಂದು ಪುರಾವೆ ಬೇಕು.

ಕ್ಲೇಮ್ ಹೋದಾಗ ಅವರು ನೋಡುವುದೇನು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನರಿಗೆ ಜಾಸ್ತಿ ಬೇಜಾರಾಗುವುದು.

ರಿಮ್‌ನ ಬಿರುಕು ಎಲ್ಲಿಂದ ಶುರುವಾಗಿದೆ ಅನ್ನುವುದೇ ಅರ್ಧ ಕಥೆ ಹೇಳುತ್ತದೆ. ಸ್ಪೋಕ್ ರಂಧ್ರದ ಅಂಚಿನಿಂದ ಹೊರಟು ಕೂದಲೆಳೆಯಂತೆ ಹಬ್ಬಿದ್ದರೆ ಅದು ರಿಮ್‌ನ ದೌರ್ಬಲ್ಯ ಇರಬಹುದು, ಇಲ್ಲವೇ ಸ್ಪೋಕ್ ಅತಿ ಬಿಗಿಯಾಗಿರಬಹುದು. ಕಾರ್ಖಾನೆಯ ಜೋಡಣೆಯೇ ಇದ್ದರೆ ಇಂಥದ್ದನ್ನು ಒಪ್ಪಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಆದರೆ ನಿಪ್ಪಲ್‌ಗಳ (ಸ್ಪೋಕ್ ಅನ್ನು ರಿಮ್‌ಗೆ ಬಿಗಿಯುವ ನಟ್) ಮೂಲೆ ಉರುಟಾಗಿದ್ದು, ಕೀಲಿಯ ಗೀರುಗಳಿದ್ದರೆ 'ಇದನ್ನು ಯಾರೋ ಬಿಗಿದಿದ್ದಾರೆ' ಅನ್ನುತ್ತಾರೆ. ಬಿರುಕು ಟೈರ್ ಕೂರುವ ಅಂಚಿನಲ್ಲಿದ್ದು, ಅದೇ ಜಾಗದಲ್ಲಿ ಟೈರ್ ಕಚ್ಚಿಕೊಂಡ ಗುರುತಿದ್ದರೆ, ಅಥವಾ ಟ್ಯೂಬ್‌ನಲ್ಲಿ ಅಕ್ಕಪಕ್ಕ ಎರಡು ಸೀಳಿದ್ದರೆ, ಅದು ಪೆಟ್ಟು. ಇದರಲ್ಲಿ ವಾದಕ್ಕೆ ಜಾಗ ಕಡಿಮೆ. ಕಾರ್ಬನ್ ಅಂಚಿನಲ್ಲಿ ಕಬ್ಬಿಣದ ಟೈರ್ ಲಿವರ್ ಗೀರಿದ ಕಲೆ ಇದ್ದರೂ ಕ್ಲೇಮ್ ದುರ್ಬಲವಾಗುತ್ತದೆ. ರಿಮ್ ಬ್ರೇಕ್‌ನ ಕಾರ್ಬನ್ ವೀಲ್ ಆದರೆ ಬ್ರೇಕ್ ತಾಗುವ ಜಾಗ ಉಬ್ಬಿದೆಯಾ ನೋಡುತ್ತಾರೆ. ಉಬ್ಬಿದ್ದರೆ ಬಿಸಿಯಿಂದ ಆದದ್ದು. ಆಗ ಕಂಪನಿ ಹೇಳಿದ ಪ್ಯಾಡನ್ನೇ ಹಾಕಿದ್ದಿರಾ ಅನ್ನುವ ಪ್ರಶ್ನೆ ಬರುತ್ತದೆ.

ಸ್ಪೋಕ್ ಮುರಿದರೂ ಹೀಗೆಯೇ. ಹಬ್ (ಚಕ್ರದ ನಡುವಿನ ಭಾಗ) ಹತ್ತಿರ ಬಾಗಿದ ಜಾಗದಲ್ಲಿ ಮುರಿದಿದ್ದರೆ ಅದು ಸಾಮಾನ್ಯವಾಗಿ ಲೋಹದ ದಣಿವು. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಕಡೆಯ ಸ್ಪೋಕ್‌ಗಳು ಪ್ರತಿ ಸುತ್ತಿನಲ್ಲೂ ಸ್ವಲ್ಪ ಬಿಗಿ ಕಳೆದುಕೊಂಡು ಮತ್ತೆ ಪಡೆಯುತ್ತವೆ. ಬಿಗಿ ಸಾಕಷ್ಟಿದ್ದರೆ ಇದನ್ನು ವರ್ಷಗಟ್ಟಲೆ ತಡೆಯುತ್ತವೆ. ಸಡಿಲವಿದ್ದರೆ ಬಾಗಿನಲ್ಲಿ ಆಡಿ ಆಡಿ ಮುರಿಯುತ್ತವೆ. ಕ್ಯಾಸೆಟ್ ಕಡೆಯ ಸ್ಪೋಕ್‌ಗಳ ಮೇಲೆ ಒಂದೇ ಎತ್ತರದಲ್ಲಿ ಕೆರೆದ ಗಾಯಗಳಿದ್ದರೆ ಮಾತ್ರ ವಿಷಯ ಬೇರೆ. ಚೈನ್ ಅತಿ ದೊಡ್ಡ ಹಲ್ಲುಚಕ್ರ ದಾಟಿ ಸ್ಪೋಕ್ ಕಡೆಗೆ ಬಿದ್ದಿದೆ ಅಂತ ಅರ್ಥ. ಗೇರ್ ಬದಲಿಸುವ ಡಿರೇಲರ್‌ನ ಲಿಮಿಟ್ ಸ್ಕ್ರೂ ಸರಿ ಇಡದಿದ್ದರೆ ಹೀಗಾಗುತ್ತದೆ, ಇದಕ್ಕೆ ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ.

ಹಾಗಾಗಿ ಏನಾದರೂ ಆದ ತಕ್ಷಣ ಬಿಚ್ಚಬೇಡಿ. ಟೈರ್ ಮೇಲಿರುವಾಗಲೇ, ವಾಲ್ವ್ ಕಾಣುವ ಹಾಗೆ ಒಂದು ಫೋಟೋ, ಬಿರುಕಿನ ಹತ್ತಿರದ ಫೋಟೋ, ಸೀರಿಯಲ್ ನಂಬರಿನ ಫೋಟೋ ತೆಗೆಯಿರಿ. ಮುರಿದ ಸ್ಪೋಕ್‌ನ ಎರಡೂ ತುಂಡು ಇಟ್ಟುಕೊಳ್ಳಿ. ಅಂಗಡಿಯವರು ಸುಮ್ನೆ ಸಹಾಯ ಮಾಡಲು ಹೋಗಿ ವೀಲ್ ಬೆಂಡ್ ತೆಗೆದುಬಿಟ್ಟರೂ ನಿಮ್ಮ ಪುರಾವೆ ಹೋಯಿತು.

ವಾರಂಟಿ ಪುಟದಲ್ಲಿ ಇನ್ನೆರಡು ಸಾಲು ಹುಡುಕಿ. ಒಂದು, ತೂಕದ ಮಿತಿ. ಇದು ಸವಾರರದ್ದು ಮಾತ್ರವೋ, ಸೈಕಲ್ ಮತ್ತು ಸಾಮಾನು ಸೇರಿಯೋ ನೋಡಿ. ಇನ್ನೊಂದು, ಬಳಕೆಯ ವರ್ಗ. ಹಲವು ಕಂಪನಿಗಳು ಎಎಸ್‌ಟಿಎಂ ಎಫ್2043 ಅನ್ನುವ ವರ್ಗೀಕರಣವನ್ನು ಬಳಸುತ್ತವೆ. 1 ಅಂದರೆ ಡಾಂಬರು ರಸ್ತೆ. 2 ಅಂದರೆ ಜಲ್ಲಿ ಹಾದಿ, 15 ಸೆಂ.ಮೀ. ವರೆಗಿನ ಇಳಿತ. 3ರಲ್ಲಿ 60 ಸೆಂ.ಮೀ., 4ರಲ್ಲಿ 120 ಸೆಂ.ಮೀ., ಅದಕ್ಕೂ ಮೇಲಿನದು 5. ಒಂದನೇ ವರ್ಗದ ವೀಲ್ ಹಾಕಿಕೊಂಡು ಜಲ್ಲಿ ಹಾದಿಗೆ ಹೋಗಿ ರಿಮ್ ಒಡೆದರೆ ನಿಮ್ಮ ಕ್ಲೇಮ್ ಅಲ್ಲಿಗೇ ನಿಂತುಹೋಗುತ್ತದೆ.

ಒಪ್ಪಿಕೊಂಡ ಮೇಲೂ ಪೂರ್ತಿ ಉಚಿತ ಅಂದುಕೊಳ್ಳಬೇಡಿ. ಕಂಪನಿ ರಿಮ್ ಕೊಡಬಹುದು, ಅದಕ್ಕೆ ಸ್ಪೋಕ್ ನೇಯುವ ಕೂಲಿ ನಿಮ್ಮದಾಗಬಹುದು. ವೀಲ್ ಕಳಿಸುವ ಖರ್ಚೂ ಬರಬಹುದು, ವೀಲ್ ಬಾಕ್ಸ್ ದೊಡ್ಡದು. ಹೊಸ ಭಾಗ ಬಂದರೆ ವಾರಂಟಿಯ ಲೆಕ್ಕ ಮತ್ತೆ ಶುರುವಾಗುತ್ತದೆ ಅಂತಲೂ ಅಲ್ಲ. ಬಹಳಷ್ಟು ಕಡೆ ಹಳೇ ಬಿಲ್ಲಿನ ತಾರೀಖೇ ಮುಂದುವರಿಯುತ್ತದೆ. ಹೊರದೇಶದ ಮಾರಾಟಗಾರನಿಗೆ ವೀಲ್ ವಾಪಸ್ ಕಳಿಸಬೇಕಾದರೆ ಹೋಗುವ ಕೊರಿಯರ್, ಬರುವಾಗಿನ ಸುಂಕ ಎರಡನ್ನೂ ಸೇರಿಸಿ. ನಿಮ್ಮ ಮೂರನೇ ಒಂದು ಭಾಗದ ಉಳಿತಾಯದಲ್ಲಿ ಇದು ದೊಡ್ಡ ಪಾಲನ್ನೇ ತಿನ್ನುತ್ತದೆ.

ಈಗ ಆ 'ಬಾಕ್ಸ್ ಇಲ್ಲ' ಅನ್ನುವ ಮಾತಿಗೆ ಬರೋಣ. ಅದಕ್ಕೆ ಹಲವು ಕಾರಣ ಇರಬಹುದು. ಒಂದು, ಅದು ಸೈಕಲ್ ಕಂಪನಿಗಳಿಗೆ ಜೋಡಣೆಗಾಗಿ ಒಟ್ಟಾಗಿ ಕೊಟ್ಟ ಮಾಲು. ಅಂಥದ್ದರ ವಾರಂಟಿ ಸಾಮಾನ್ಯವಾಗಿ ಪೂರ್ತಿ ಸೈಕಲ್ ಮಾರಿದ ಕಂಪನಿಯ ಮೂಲಕ ನಡೆಯುತ್ತದೆ. ಬಿಡಿಯಾಗಿ ಕೊಂಡ ನಿಮಗೆ ಕೇಳಲು ಯಾರೂ ಇರುವುದಿಲ್ಲ. ಎರಡು, ಹೊಸ ಸೈಕಲ್ಲಿನಿಂದ ಬಿಚ್ಚಿ ಮಾರಿದ್ದು. ಇದು ಹೊಸದೇ, ಗುಣದಲ್ಲಿ ಕಡಿಮೆ ಇಲ್ಲ, ಆದರೆ ಕಂಪನಿಯ ಕಣ್ಣಿನಲ್ಲಿ ಮೊದಲ ಮಾಲೀಕರು ನೀವಲ್ಲ. ಮೂರು, ಬೇರೆ ದೇಶಕ್ಕೆಂದು ಕಳಿಸಿದ ಮಾಲು ಅಡ್ಡದಾರಿಯಲ್ಲಿ ಬಂದದ್ದು. ನಿಮ್ಮ ಊರಿನ ವಿತರಕರು ಅದನ್ನು ಮುಟ್ಟದೆ ಇರಬಹುದು. ನಾಲ್ಕು, ನಕಲಿ. ಸೀರಿಯಲ್ ನಂಬರಿನ ಫೋಟೋ ಕೇಳಿ, ಅದನ್ನು ಕಂಪನಿಗೆ ಇಮೇಲ್ ಮಾಡಿ 'ಇದಕ್ಕೆ ವಾರಂಟಿ ಇದೆಯಾ' ಅಂತ ಕೇಳಿ. ಪ್ರಾಮಾಣಿಕ ಮಾರಾಟಗಾರರು ನಂಬರ್ ಕೊಡಲು ಹಿಂಜರಿಯುವುದಿಲ್ಲ. ಹಿಂಜರಿದರೆ ಅಲ್ಲಿಗೆ ಬಿಟ್ಟುಬಿಡಿ.

ಇನ್ನೊಂದು ವ್ಯತ್ಯಾಸ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಕಂಪನಿ ಕೊಡುವ ವಾರಂಟಿ ಬೇರೆ, ಗ್ರಾಹಕ ಕಾನೂನು ಕೊಡುವ ಹಕ್ಕು ಬೇರೆ. ಕಾನೂನಿನ ಹಕ್ಕು ಸಾಮಾನ್ಯವಾಗಿ ಮಾರಿದ ಅಂಗಡಿಯ ಮೇಲೆ. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಮಾರಿದವರು ಕನಿಷ್ಠ 2 ವರ್ಷ ಹೊಣೆ. ಬ್ರಿಟನ್‌ನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರುಗಿಸಿ ಪೂರ್ತಿ ಹಣ ಕೇಳಬಹುದು. ನೀವು ಎಲ್ಲೇ ಇರಿ, ಅಂಗಡಿ ಅದೇ ದೇಶದಲ್ಲಿದ್ದರೆ ಈ ಥರದ ಹಕ್ಕು ಚಲಾಯಿಸುವುದು ಸುಲಭ. ಅಂಗಡಿ ಹೊರದೇಶದಲ್ಲಿದ್ದರೆ ಹಕ್ಕು ಹೆಸರಿಗಷ್ಟೇ ಉಳಿಯುವ ಸಾಧ್ಯತೆ ಜಾಸ್ತಿ.

'ಲೈಫ್‌ಟೈಮ್' ಅನ್ನುವುದೂ ಕಂಪನಿ ಬದುಕಿರುವ ತನಕ ಮಾತ್ರ. 1889ರಿಂದ ಇರುವ, ರಿಮ್‌ಗಳಿಗೆ ಹೆಸರಾದ ಫ್ರಾನ್ಸ್‌ನ ಮಾವಿಕ್ 2020ರಲ್ಲಿ ಕೋರ್ಟ್ ಮೇಲ್ವಿಚಾರಣೆಗೆ ಹೋಯಿತು, ಅದೇ ವರ್ಷ ಬೇರೆ ಕೈಗೆ ಸೇರಿತು. ಬ್ರಿಟನ್‌ನ ದೊಡ್ಡ ಆನ್‌ಲೈನ್ ಅಂಗಡಿ ವಿಗಲ್ ಚೈನ್ ರಿಯಾಕ್ಷನ್ 2023ರ ಅಕ್ಟೋಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅವರದ್ದೇ ಪ್ರೈಮ್ ಅನ್ನುವ ವೀಲ್ ಬ್ರ್ಯಾಂಡ್ ಇತ್ತು, ಅಗ್ಗವಾಗಿಯೂ ಚೆನ್ನಾಗಿಯೂ ಇದ್ದವು, ಸಾವಿರಾರು ಜನ ಓಡಿಸುತ್ತಿದ್ದರು. ಅಂಗಡಿಯೂ ಬ್ರ್ಯಾಂಡೂ ಒಂದೇ ಆಗಿದ್ದರೆ ಅಪಾಯವೂ ಒಂದೇ ಕಡೆ ಕೂಡಿರುತ್ತದೆ. ಹೆಸರು ಕೇಳಿಲ್ಲದ ಹೊಸ ಬ್ರ್ಯಾಂಡ್ 10 ವರ್ಷದ ವಾರಂಟಿ ಬರೆದುಕೊಟ್ಟರೆ ನಾನು ಅದಕ್ಕೆ ಹೆಚ್ಚು ಅಂಕ ಕೊಡುವುದಿಲ್ಲ.

ಇದಕ್ಕೆಲ್ಲ ನನ್ನ ಮದ್ದು ಒಂದೇ. ವಾರಂಟಿ ಇಲ್ಲದೆಯೂ ರಿಪೇರಿ ಮಾಡಿಸಬಹುದಾದ ವೀಲ್ ತಗೊಳ್ಳಿ. ನಾನು ವೀಲ್ ಕೈಗೆತ್ತಿಕೊಂಡಾಗ ಮೊದಲು ನೋಡುವುದು ಸ್ಪೋಕ್. ಬಾಗಿದ ತಲೆಯ ಮಾಮೂಲಿ ಸ್ಪೋಕ್, ಹೊರಗೆ ಕಾಣುವ ಮಾಮೂಲಿ ನಿಪ್ಪಲ್ ಇದ್ದರೆ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಕಂಪನಿ ಮಾತ್ರ ಮಾಡುವ ವಿಶೇಷ ಸ್ಪೋಕ್ ಆದರೆ, ಒಂದೇ ಒಂದು ಮುರಿದಾಗ ಇಡೀ ಚಕ್ರ ಗೋಡೆಗೆ ಒರಗಿ ನಿಲ್ಲುತ್ತದೆ. ಅಂಥ ವೀಲ್ ತಗೊಂಡರೆ ಪ್ರತಿ ಅಳತೆಯ ಎರಡೆರಡು ಬಿಡಿ ಸ್ಪೋಕ್ ಅವತ್ತೇ ಕೇಳಿ ತಗೊಂಡುಬಿಡಿ. ಆಮೇಲೆ ಬೇರಿಂಗ್. 6902 ಅಂತ ಬರೆದ ಬೇರಿಂಗ್ ಇದ್ದರೆ ಅದು ಒಳಗೆ 15, ಹೊರಗೆ 28, ದಪ್ಪ 7 ಮಿ.ಮೀ. ಇರುವ ಸಾಮಾನ್ಯ ಅಳತೆ, ಸೈಕಲ್ ಅಂಗಡಿ ಅಲ್ಲದೆ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ. ಕೊನೆಯದು ರಿಮ್‌ನ ಇಆರ್‌ಡಿ, ಅಂದರೆ ಸ್ಪೋಕ್ ತುದಿಯಿಂದ ಎದುರಿನ ಸ್ಪೋಕ್ ತುದಿಗೆ ಇರುವ ಅಳತೆ. ಮುಂದೆ ರಿಮ್ ಬದಲಿಸಬೇಕಾದಾಗ ಹೊಸದರ ಅಳತೆ ಇದಕ್ಕೆ ಸರಿಹೊಂದಿದರೆ ಹಳೇ ಸ್ಪೋಕ್‌ಗಳೇ ಸಾಕು. ಕೆಲವೇ ಮಿ.ಮೀ. ಹೆಚ್ಚುಕಮ್ಮಿ ಆದರೂ ಅಷ್ಟೂ ಸ್ಪೋಕ್ ಹೊಸದು ಬೇಕಾಗುತ್ತದೆ.

ಡಿಸ್ಕೌಂಟ್ ಇರುವ ವೀಲ್‌ಗಳಲ್ಲಿ ಇನ್ನೊಂದು ಬಲೆ ಇದೆ. ಯಾಕೆ ಅಗ್ಗ ಅಂತ ನೋಡಿದರೆ ಎಷ್ಟೋ ಸಲ ಅದು ಹಳೇ ಅಳತೆಯದು. ರಿಮ್ ಬ್ರೇಕ್ ರೋಡ್ ಬೈಕ್‌ಗೆ ಹಿಂದೆ 130 ಮಿ.ಮೀ. ಅಗಲದ ಕ್ವಿಕ್ ರಿಲೀಸ್ (ಲಿವರ್ ಒತ್ತಿ ಬಿಗಿಯುವ) ಹಬ್. ಡಿಸ್ಕ್ ಬ್ರೇಕ್ ಆದರೆ ಈಗ ಹಿಂದೆ 142, ಮುಂದೆ 100, ಎರಡೂ 12 ಮಿ.ಮೀ. ಥ್ರೂ ಆಕ್ಸಲ್ (ಹಬ್ ಮೂಲಕ ತೂರಿಸುವ ದಪ್ಪ ಅಚ್ಚು). ಮೌಂಟನ್ ಬೈಕ್‌ನ ಬೂಸ್ಟ್ ಅನ್ನುವ ಅಳತೆ ಆದರೆ ಹಿಂದೆ 148. ಡಿಸ್ಕ್ ರೋಟರ್ ಕೂರುವ ಜಾಗವೂ ಎರಡು ಥರ, ಸೆಂಟರ್ ಲಾಕ್ ಮತ್ತು 6 ಬೋಲ್ಟ್. ಸೆಂಟರ್ ಲಾಕ್ ಹಬ್‌ಗೆ ಅಡಾಪ್ಟರ್ ಹಾಕಿ 6 ಬೋಲ್ಟ್ ರೋಟರ್ ಕೂರಿಸಬಹುದು, ತಿರುಗುಮುರುಗು ಆಗುವುದಿಲ್ಲ.

ಫ್ರೀಹಬ್, ಅಂದರೆ ಹಿಂದಿನ ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ, ಇದರ ವಿಷಯದಲ್ಲಿ ಎಡವುವವರೇ ಹೆಚ್ಚು. ಶಿಮಾನೊ ರೋಡ್ 11 ಸ್ಪೀಡ್‌ನ (ಹಿಂದೆ 11 ಗೇರ್) ಎಚ್‌ಜಿ ಅನ್ನುವ ಮಾದರಿಯ ಫ್ರೀಹಬ್ ಹಿಂದಿನ 8, 9, 10 ಸ್ಪೀಡಿನದಕ್ಕಿಂತ 1.85 ಮಿ.ಮೀ. ಉದ್ದ. ಉದ್ದದ್ದರ ಮೇಲೆ ಸ್ಪೇಸರ್ ಹಾಕಿ ಹಳೇ ಕ್ಯಾಸೆಟ್ ಕೂರಿಸಬಹುದು. ಗಿಡ್ಡದರ ಮೇಲೆ ಮಾಮೂಲಿ 11 ಸ್ಪೀಡ್ ರೋಡ್ ಕ್ಯಾಸೆಟ್ ಕೂರುವುದಿಲ್ಲ. ಶಿಮಾನೊ 12 ಸ್ಪೀಡ್ ರೋಡ್ ಕ್ಯಾಸೆಟ್ 11 ಸ್ಪೀಡಿನ ಎಚ್‌ಜಿ ಮೇಲೆ ಕೂರುತ್ತದೆ, ಇದು ಒಳ್ಳೆಯ ಸುದ್ದಿ. ಮೌಂಟನ್ 12 ಸ್ಪೀಡಿಗೆ ಮೈಕ್ರೊ ಸ್ಪ್ಲೈನ್ ಅನ್ನುವ ಬೇರೆ ಫ್ರೀಹಬ್ ಬೇಕು. ಸ್ರ್ಯಾಮ್‌ನ 10 ಹಲ್ಲಿನಿಂದ ಶುರುವಾಗುವ 12 ಸ್ಪೀಡ್ ರೋಡ್ ಕ್ಯಾಸೆಟ್‌ಗಳಿಗೆ ಎಕ್ಸ್‌ಡಿಆರ್ ಫ್ರೀಹಬ್ ಬೇಕು. ಫ್ರೀಹಬ್ ಬಾಡಿ ಬದಲಿಸಬಹುದಾದ ಹಬ್ ಆಗಿದ್ದರೆ ಚಿಂತೆ ಕಡಿಮೆ, ಆದರೆ ಆ ಬಾಡಿಯ ಬೆಲೆಯನ್ನು ಡಿಸ್ಕೌಂಟಿನಿಂದ ಕಳೆಯಿರಿ. ಜಾಹೀರಾತಿನ ಬೆಲೆಯಲ್ಲಿ ಟ್ಯೂಬ್‌ಲೆಸ್ ಟೇಪ್, ವಾಲ್ವ್, ಲಾಕ್‌ರಿಂಗ್ ಇದೆಯಾ ಅಂತಲೂ ನೋಡಿ.

ಕಾರ್ಬನ್ ರಿಮ್ ಹುಕ್‌ಲೆಸ್ (ಟೈರ್ ಹಿಡಿಯುವ ಒಳಕೊಕ್ಕೆ ಇಲ್ಲದ್ದು) ಆಗಿದ್ದರೆ ಇದನ್ನು ತಪ್ಪಿಸಬೇಡಿ. ಅಂಥ ರಿಮ್‌ಗೆ ಗಾಳಿಯ ಒತ್ತಡ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೀರಬಾರದು. ಹುಕ್‌ಲೆಸ್‌ಗೆ ಹೊಂದುತ್ತದೆ ಎಂದು ಬರೆದಿರುವ ಟೈರ್ ಮಾತ್ರ ಹಾಕಬೇಕು, ಕಂಪನಿ ಹೇಳಿದ ಕನಿಷ್ಠ ಅಗಲವೂ ಇರಬೇಕು. ನೀವು ಸಣ್ಣ ಟೈರ್‌ಗೆ 100 ಪಿಎಸ್‌ಐ ಹೊಡೆಯುವ ಅಭ್ಯಾಸದವರಾದರೆ ಹುಕ್‌ಲೆಸ್ ಎಷ್ಟೇ ಅಗ್ಗವಾದರೂ ಬೇಡ. ವಾರಂಟಿಗಿಂತ ಮೊದಲು ನಿಮ್ಮ ಹಲ್ಲು, ಮೂಳೆಗಳ ಪ್ರಶ್ನೆ ಇದು.

ವೀಲ್ ಮನೆಗೆ ಬಂದ ದಿನ ಒಂದರ್ಧ ಗಂಟೆ ಕೊಡಿ. ಬಾಕ್ಸ್ ಬಿಚ್ಚುವಾಗಲೇ ವಿಡಿಯೊ ಮಾಡಿ. ಟೈರ್ ಹಾಕುವ ಮೊದಲೇ ನೋಡಬೇಕು, ಟೈರ್ ಹಾಕಿದ ಮೇಲೆ 'ಬಳಸಿದ ವಸ್ತು' ಅಂದುಬಿಡುತ್ತಾರೆ. ಆಕ್ಸಲ್ ಹಿಡಿದು ನಿಧಾನವಾಗಿ ತಿರುಗಿಸಿ, ಬೇರಿಂಗ್ ಎಲ್ಲಾದರೂ ಕಟಕಟ ಅನ್ನುತ್ತದೆಯಾ ಬೆರಳಿಗೆ ಗೊತ್ತಾಗುತ್ತದೆ. ಸ್ಪೋಕ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ. ಒಂದೇ ಬದಿಯವು ಹೆಚ್ಚುಕಡಿಮೆ ಒಂದೇ ಸ್ವರ ಕೊಡಬೇಕು. ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕಡೆ ಸ್ವರ ಮೇಲಿರುತ್ತದೆ, ಎಡಗಡೆ ಇಳಿದಿರುತ್ತದೆ, ಅದು ಸಹಜ. ನಡುವೆ ಒಂದು ಮಾತ್ರ ಮಂಕಾಗಿ ಡಬ್ ಅಂದರೆ ಆ ಸ್ಪೋಕ್ ಸಡಿಲ. ಟೆನ್ಷನ್ ಮೀಟರ್ ಇರುವ ಅಂಗಡಿಯಲ್ಲಿ ಅಳತೆ ತೆಗೆಸಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು, ಕ್ಯಾಸೆಟ್ ಕಡೆ ಸಾಮಾನ್ಯವಾಗಿ 100ರಿಂದ 120 ಕೆ.ಜಿ. ಬಲ ಇರುತ್ತದೆ. ಮೊದಲ ಕೆಲವು ಸವಾರಿಗಳ ನಂತರ ಇನ್ನೊಮ್ಮೆ ನೋಡಿಸಿ. ಬೆಂಡ್ ತೆಗೆಸುವುದನ್ನು ಅಧಿಕೃತ ಅಂಗಡಿಯಲ್ಲೇ ಮಾಡಿಸಿ, ರಸೀದಿ ಇಟ್ಟುಕೊಳ್ಳಿ.

ವಾರಂಟಿ ಜೊತೆ ರೀಕಾಲ್ ಅನ್ನು, ಅಂದರೆ ಅಪಾಯವಿರುವ ವಸ್ತುವನ್ನು ಕಂಪನಿಯೇ ವಾಪಸ್ ಕರೆಸಿ ನೋಡುವುದನ್ನು, ಬೆರೆಸಬೇಡಿ. ರೀಕಾಲ್ ಸುರಕ್ಷತೆಯ ವಿಷಯ. ಅದು ಸಾಮಾನ್ಯವಾಗಿ ವಸ್ತುವಿನ ಜೊತೆ ಹೋಗುತ್ತದೆ, ಬಿಲ್ಲಿನ ಜೊತೆಯಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಶಿಮಾನೊ ತನ್ನ 11 ಸ್ಪೀಡ್ ಹಾಲೋಟೆಕ್ 2 ರೋಡ್ ಕ್ರ್ಯಾಂಕ್‌ಗಳನ್ನು (ಪೆಡಲ್ ಕೂರುವ ತೋಳುಗಳು) ಉಚಿತವಾಗಿ ಪರೀಕ್ಷಿಸುವುದಾಗಿ ಹೇಳಿತು. 2012ರ ಜೂನ್‌ನಿಂದ 2019ರ ಜೂನ್ ತನಕ ತಯಾರಾದ ಅಲ್ಟೆಗ್ರಾ 6800, ಆರ್8000, ಡ್ಯೂರಾ-ಏಸ್ 9000, ಆರ್9100 ಇದರಲ್ಲಿ ಸೇರಿವೆ. ಅಂಟಿಸಿದ ಎರಡು ಭಾಗಗಳು ಬಿಟ್ಟುಕೊಂಡು ಕ್ರ್ಯಾಂಕ್ ಮುರಿಯುತ್ತಿತ್ತು. ಅಮೆರಿಕ ಮತ್ತು ಕೆನಡಾ ಎರಡರಲ್ಲೇ ಸುಮಾರು 7,60,000 ಕ್ರ್ಯಾಂಕ್‌ಗಳು. ನಿಮ್ಮ ಪ್ರಶ್ನೆ ವೀಲ್ ಬಗ್ಗೆ, ನಿಜ. ಆದರೆ ಸೆಕೆಂಡ್ ಹ್ಯಾಂಡ್ ಡೀಲ್ ಹುಡುಕುವವರ ಕಣ್ಣಿಗೆ ಈ ಕ್ರ್ಯಾಂಕ್‌ಗಳು ಇವತ್ತಿಗೂ ಬೀಳುತ್ತವೆ. ತೋಳಿನ ಒಳಬದಿಯಲ್ಲಿ ಎರಡಕ್ಷರದ ಕೋಡ್ ಇರುತ್ತದೆ, ಅದರಿಂದ ತಯಾರಾದ ತಿಂಗಳು ತಿಳಿಯುತ್ತದೆ. ಪರೀಕ್ಷೆ ಆಗಿದೆಯಾ ಕೇಳದೆ ತಗೊಳ್ಳಬೇಡಿ.

ನಿಮ್ಮ ಎರಡು ಆಯ್ಕೆಗಳಿಗೆ ವಾಪಸ್ ಬರುತ್ತೇನೆ. ಆ ಕಾರ್ಬನ್ ವೀಲ್‌ಗೆ ಓಡಿಸುವಾಗಿನ ಪೆಟ್ಟಿಗೂ ಕಂಪನಿ ಹೊಣೆ ಹೊರುವುದಾದರೆ ಡೀಲರ್ ಹತ್ತಿರವೇ ತಗೊಳ್ಳಿ, ಪೂರ್ತಿ ಬೆಲೆಯಾದರೂ ಸರಿ. ಅಂಥ ಹೊಣೆ ಇಲ್ಲ, ಮಾಮೂಲಿ 2 ವರ್ಷದ ವಾರಂಟಿ ಮಾತ್ರ ಅಂದರೆ, ಡೀಲರ್ ಹತ್ತಿರ ಸ್ವಲ್ಪ ಚೌಕಾಸಿ ಮಾಡಿ. ಬೆಲೆ ಇಳಿಸದಿದ್ದರೂ ಟೈರ್ ಕೂರಿಸುವುದು, ಮೊದಲ ವರ್ಷದ ಬೆಂಡ್ ತೆಗೆಯುವುದು ಉಚಿತವಾಗಿ ಕೇಳಬಹುದು. ಹೊಸ ಮಾಡೆಲ್ ಬರುವ ಸುದ್ದಿ ಇದ್ದರೆ ಸ್ವಲ್ಪ ಕಾಯಿರಿ, ಹಳೇ ಮಾಡೆಲ್ ಅಧಿಕೃತ ಅಂಗಡಿಯಲ್ಲೇ, ವಾರಂಟಿ ಸಮೇತ ಇಳಿಯುತ್ತದೆ. ನನ್ನ ಮಟ್ಟಿಗೆ ಅತ್ಯುತ್ತಮ ಡೀಲ್ ಅಂದರೆ ಅದೇ. ಆನ್‌ಲೈನಿನ ಬಾಕ್ಸ್ ಇಲ್ಲದ ಕಾರ್ಬನ್ ವೀಲ್ ನಾನು ತಗೊಳ್ಳುವುದಿಲ್ಲ. ಅದೇ ರಿಯಾಯಿತಿ ಮಾಮೂಲಿ ಸ್ಪೋಕ್ ಇರುವ, ಹೆಸರಾಂತ ಹಬ್‌ನ ಅಲ್ಯೂಮಿನಿಯಂ ವೀಲ್‌ಗೆ ಸಿಕ್ಕರೆ, ಸೀರಿಯಲ್ ನಂಬರ್ ಸರಿ ಇದ್ದರೆ, ಖಂಡಿತ ತಗೊಳ್ಳುತ್ತೇನೆ.

ಇನ್ನು ಸೇಲ್‌ನಲ್ಲಿ ಬಿಡಿಭಾಗ ಕೂಡಿಡುವ ಮಾತು. ಸವೆದು ಹೋಗುವ ವಸ್ತುಗಳಿಗೆ ವಾರಂಟಿ ದೊಡ್ಡ ವಿಷಯವೇ ಅಲ್ಲ, ಹಾಗಾಗಿ ಅಲ್ಲಿ ಡಿಸ್ಕೌಂಟ್ ಹಿಂದೆ ಧಾರಾಳವಾಗಿ ಹೋಗಿ. ಚೈನ್, ಕ್ಯಾಸೆಟ್, ಬ್ರೇಕ್ ಪ್ಯಾಡ್, ಕೇಬಲ್, ರೋಟರ್ ಇವು ಒಣ ಜಾಗದಲ್ಲಿಟ್ಟರೆ ಕೆಡುವುದಿಲ್ಲ. ಪ್ಯಾಡ್ ಮತ್ತು ರೋಟರ್‌ಗೆ ಎಣ್ಣೆ ತಾಗದ ಹಾಗೆ ಬೇರೆ ಡಬ್ಬಿಯಲ್ಲಿಡಿ. ಚೈನ್ ಎರಡು ಮೂರು ಹೆಚ್ಚಿಗೆ ತಗೊಂಡರೂ ನಷ್ಟವಿಲ್ಲ, ಸಮಯಕ್ಕೆ ಚೈನ್ ಬದಲಿಸಿದರೆ ಕ್ಯಾಸೆಟ್ ಬಹಳ ಕಾಲ ಬರುತ್ತದೆ. ಹೊಸ ಚೈನ್‌ನ 12 ಪೂರ್ತಿ ಕೊಂಡಿ ಪಿನ್‌ನಿಂದ ಪಿನ್‌ಗೆ 304.8 ಮಿ.ಮೀ. ಇರುತ್ತದೆ. 11, 12 ಸ್ಪೀಡ್‌ನಲ್ಲಿ ಇದು ಸುಮಾರು 1.5 ಮಿ.ಮೀ. ಹಿಗ್ಗಿದರೆ, ಅಂದರೆ ಶೇ 0.5 ಆದರೆ, ಬದಲಿಸಿ. 10 ಸ್ಪೀಡ್ ಮತ್ತು ಅದಕ್ಕಿಂತ ಹಳೆಯದರಲ್ಲಿ ಶೇ 0.75 ತನಕ ನಡೆಯುತ್ತದೆ. ಆದರೆ ನಕಲಿ ಜಾಸ್ತಿ ಓಡಾಡುವುದೂ ಚೈನ್‌ನಲ್ಲೇ. ತೀರಾ ಅಗ್ಗಕ್ಕೆ ಸಿಕ್ಕರೆ, ಮಾರುವವರ ಗುರುತಿಲ್ಲದಿದ್ದರೆ ಬಿಡಿ. ನಿಂತು ತುಳಿಯುವಾಗ ಚೈನ್ ಕಡಿದರೆ ಹ್ಯಾಂಡಲ್ ಮೇಲೆ ಮುಖ ಬೀಳುತ್ತದೆ.

ಡಿರೇಲರ್, ಶಿಫ್ಟರ್‌ಗಳನ್ನು ಮಾತ್ರ ಸೇಲ್ ಅಂತ ಬಿಡಿಬಿಡಿಯಾಗಿ ತರಬೇಡಿ. ಒಂದು ಕ್ಲಿಕ್‌ಗೆ ಎಷ್ಟು ಕೇಬಲ್ ಎಳೆಯುತ್ತದೆ ಅನ್ನುವುದು ಪೀಳಿಗೆಯಿಂದ ಪೀಳಿಗೆಗೆ ಬೇರೆ. ಶಿಮಾನೊ ಟಿಯಾಗ್ರಾ 4700 ಕೂಡ 10 ಸ್ಪೀಡೇ, ಆದರೆ ಹಳೇ 10 ಸ್ಪೀಡ್ ರೋಡ್ ಶಿಫ್ಟರ್‌ಗಳ ಜೊತೆ ಅದರ ಹಿಂಚಕ್ರದ ಡಿರೇಲರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅಂಕಿ ಒಂದೇ ಇದೆ ಅಂತ ತಂದವರು ಗೇರ್ ಸರಿ ಮಾಡಿಸಲು ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ.

ಟೈರ್ ಒಂದು ಜೊತೆಗಿಂತ ಹೆಚ್ಚು ಕೂಡಿಡಬೇಡಿ, ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಇಟ್ಟದ್ದನ್ನು ಬಿಸಿಲು ತಾಗದ ಕಡೆ ಇಡಿ. ಟ್ಯೂಬ್‌ಲೆಸ್ ಟೈರ್‌ನ ತೂತು ಮುಚ್ಚುವ ಸೀಲಂಟ್ ದ್ರವ ಬಾಟಲಿಯಲ್ಲೇ ಗಟ್ಟಿಯಾಗಬಹುದು, ಬೇಕಾದಷ್ಟೇ ತಗೊಳ್ಳಿ. ನಿಮ್ಮ ಹೈಡ್ರಾಲಿಕ್ ಬ್ರೇಕ್‌ನಲ್ಲಿ ಡಾಟ್ (DOT) ಅನ್ನುವ ಬ್ರೇಕ್ ದ್ರವ ಇದ್ದರೆ ದೊಡ್ಡ ಬಾಟಲಿ ಅಗ್ಗ ಅಂತ ತರಬೇಡಿ. ಮುಚ್ಚಳ ತೆಗೆದ ಮೇಲೆ ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಕುದಿಯುವ ಬಿಂದು ಇಳಿಯುತ್ತದೆ. ಶಿಮಾನೊದ ಮಿನರಲ್ ಆಯಿಲ್‌ಗೆ ಆ ತೊಂದರೆ ಇಲ್ಲ, ಅದನ್ನು ದೊಡ್ಡ ಬಾಟಲಿಯಲ್ಲೇ ತರಬಹುದು.